ಆವೃತ್ತಿಗೊಂದು ಕೈಪಿಡಿ: ಮುಕ್ತ ತಂತ್ರಾಂಶದ ಡಾಕ್ಯುಮೆಂಟೇಶನ್ ತಾಣವನ್ನು ಕಟ್ಟಿ ಪ್ರಕಟಿಸುವ ಕ್ರಮ

ಪೈಥಾನ್ ಭಾಷೆಯ 3.11ನೇ ಆವೃತ್ತಿಗೆ ಟಾಮ್‌ಲಿಬ್ ಎಂಬ ಮಾಡ್ಯೂಲ್ ಹೊಸದಾಗಿ ಸೇರಿತು. ಉಬುಂಟು 22.04ರ ಜೊತೆಗೆ ಬರುವುದು ಪೈಥಾನ್ 3.10. ಅಂಥ ಗಣಕದಲ್ಲಿ ಕೆಲಸ ಮಾಡುತ್ತಿರುವ ವಿದ್ಯಾರ್ಥಿನಿಯೊಬ್ಬಳು ಹೊಸ ಆವೃತ್ತಿಯ ಕೈಪಿಡಿಯನ್ನು ನೋಡಿಕೊಂಡು ಟಾಮ್‌ಲಿಬ್ ಬಳಸಲು ಹೋದರೆ, ಆ ಹೆಸರಿನ ಮಾಡ್ಯೂಲೇ ಇಲ್ಲವೆಂಬ ದೋಷಸಂದೇಶ ಬರುತ್ತದೆ. ಕೈಪಿಡಿಯಲ್ಲಿರುವುದು ಸರಿಯಾಗಿದೆ, ಅವಳು ಬರೆದ ಸಾಲೂ ಸರಿಯಾಗಿದೆ. ಅವಳ ಗಣಕದಲ್ಲಿರುವ ಆವೃತ್ತಿ ಮಾತ್ರ ಬೇರೆ. ಪೈಥಾನ್‌ನ ತಾಣದಲ್ಲಿ ಇದಕ್ಕೆ ಪರಿಹಾರ ಕಣ್ಣೆದುರಿಗೇ ಇದೆ. ಟಾಮ್‌ಲಿಬ್ ಯಾವ ಆವೃತ್ತಿಯಿಂದ ಲಭ್ಯ ಎಂಬುದು ಅದರ ಪುಟದಲ್ಲೇ ನಮೂದಾಗಿದೆ, ಮತ್ತು ಪುಟದ ಮೇಲ್ಭಾಗದ ಪಟ್ಟಿಯಿಂದ 3.10 ಅನ್ನು ಆರಿಸಿಕೊಂಡರೆ ಆ ಆವೃತ್ತಿಯದೇ ಕೈಪಿಡಿ ತೆರೆದುಕೊಳ್ಳುತ್ತದೆ.

ಸಣ್ಣ ಯೋಜನೆಗಳಲ್ಲಿ ಈ ಅನುಕೂಲ ಅಪರೂಪ. ಅಲ್ಲಿ ಇರುವುದು ಒಂದೇ ಕೈಪಿಡಿ, ಅದು ಮೇನ್ ಬ್ರಾಂಚಿನ, ಅಂದರೆ ಅಭಿವೃದ್ಧಿ ನಡೆಯುವ ಮುಖ್ಯ ಕವಲಿನ, ಜೊತೆಜೊತೆಗೇ ಬದಲಾಗುತ್ತಿರುತ್ತದೆ. ಹೊಸ ಸೌಲಭ್ಯವೊಂದು ಮರ್ಜ್ ಆದ ಮರುಗಳಿಗೆಯೇ ತಾಣದಲ್ಲಿ ಕಾಣಿಸಿಕೊಳ್ಳುತ್ತದೆ, ಆದರೆ ಅದನ್ನು ಒಳಗೊಂಡ ಬಿಡುಗಡೆ ತಿಂಗಳುಗಳ ನಂತರ ಬರುತ್ತದೆ. ಹಳೆಯ ಆಯ್ಕೆಯೊಂದನ್ನು ಕೋಡಿನಿಂದ ತೆಗೆದ ದಿನವೇ ಅದರ ವಿವರಣೆಯೂ ಮಾಯವಾಗುತ್ತದೆ, ಆದರೆ ಹಳೆಯ ಆವೃತ್ತಿಯನ್ನು ಬಳಸುವವರು ವರ್ಷಗಟ್ಟಲೆ ಅದನ್ನೇ ಬಳಸುತ್ತಿರುತ್ತಾರೆ. ಆವೃತ್ತಿವಾರು ತಾಣವೊಂದು ಓದುಗರಿಗೆ ಎರಡು ಭರವಸೆಗಳನ್ನು ಕೊಡಬೇಕೆಂದು ನಾನು ನಂಬಿದ್ದೇನೆ. ತಾನು ಓದುತ್ತಿರುವ ಪುಟ ಯಾವ ಆವೃತ್ತಿಯದೆಂದು ಓದುಗರಿಗೆ ಯಾವಾಗಲೂ ಗೊತ್ತಿರಬೇಕು. ಒಮ್ಮೆ ಪ್ರಕಟಿಸಿದ ವಿಳಾಸ ಮುಂದೆಯೂ ತೆರೆದುಕೊಳ್ಳಬೇಕು. ಕೆಳಗಿನ ಹೆಜ್ಜೆಗಳೆಲ್ಲ ಈ ಎರಡನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಇವೆ.

ಉದಾಹರಣೆಗೆ ಆರಿಸಿಕೊಂಡಿರುವ ಸಾಧನಗಳು ಪಠ್ಯ ಕಡತಗಳಿಂದ ತಾಣವನ್ನು ಕಟ್ಟುವ ಎಂಕೆಡಾಕ್ಸ್, ಅದಕ್ಕೆ ರೂಪ ಕೊಡುವ ಮೆಟೀರಿಯಲ್ ಥೀಮ್, ಆವೃತ್ತಿಗಳನ್ನು ನೋಡಿಕೊಳ್ಳುವ ಮೈಕ್, ಮತ್ತು ಹೋಸ್ಟಿಂಗ್‌ಗೆ ಗಿಟ್‌ಹಬ್ ಪೇಜಸ್. ಇವೆಲ್ಲವೂ ಸಣ್ಣ ಯೋಜನೆಯ ಕೈಗೆಟಕುವಂಥವು. ಆದೇಶಗಳ ಮತ್ತು ಕಡತಗಳ ಹೆಸರನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದೆ; ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಹೆಜ್ಜೆ 1: ಯಾವ ಆವೃತ್ತಿಗಳಿಗೆ ಕೈಪಿಡಿ ಬೇಕೆಂದು ನಿರ್ಧರಿಸಿ

ಸಾಧನಗಳನ್ನು ಇನ್‌ಸ್ಟಾಲ್ ಮಾಡುವ ಮೊದಲೇ ಈ ಪ್ರಶ್ನೆಯನ್ನು ತಂಡದಲ್ಲಿ ಇತ್ಯರ್ಥಪಡಿಸಿಕೊಳ್ಳಬೇಕು. ಯೋಜನೆ ಇನ್ನೂ 1.0 ತಲುಪಿಲ್ಲದಿದ್ದರೆ, ಬಳಸುವವರೆಲ್ಲ ಹೊಸ ಬಿಡುಗಡೆ ಬಂದೊಡನೆ ಅದಕ್ಕೆ ಹೋಗುವವರಾಗಿದ್ದರೆ, ಆವೃತ್ತಿವಾರು ತಾಣದ ಅಗತ್ಯವೇ ಇರಲಿಕ್ಕಿಲ್ಲ. ಪ್ರತಿ ಸೌಲಭ್ಯದ ಪಕ್ಕದಲ್ಲಿ ಅದು ಯಾವ ಬಿಡುಗಡೆಯಿಂದ ಲಭ್ಯ ಎಂದು ಒಂದು ಸಾಲು ಬರೆದರೆ ಸಾಕಾಗುತ್ತದೆ. ಆವೃತ್ತಿ ಸೌಲಭ್ಯವನ್ನು ತಾನೇ ಒದಗಿಸುವ ಡಾಕ್ಯುಸಾರಸ್ ಎಂಬ ತಾಣ ಕಟ್ಟುವ ಸಾಧನ ಕೂಡ, ಬಹುಪಾಲು ತಾಣಗಳಿಗೆ ಅದು ಬೇಕಾಗುವುದಿಲ್ಲ, ಬಿಲ್ಡ್ ಸಮಯವನ್ನೂ ಜಟಿಲತೆಯನ್ನೂ ಹೆಚ್ಚಿಸುತ್ತದೆ ಎಂದು ತನ್ನ ಕೈಪಿಡಿಯಲ್ಲೇ ಎಚ್ಚರಿಸುತ್ತದೆ.

ಬೇಕೆಂದು ತೀರ್ಮಾನವಾದರೆ, ಪ್ರತಿ ಬಿಡುಗಡೆಗೂ ಒಂದೊಂದು ಕೈಪಿಡಿ ಮಾಡಬೇಡಿ. ಸೆಮ್ಯಾಂಟಿಕ್ ವರ್ಷನಿಂಗ್, ಅಂದರೆ ಆವೃತ್ತಿ ಸಂಖ್ಯೆಯ ಪ್ರತಿ ಅಂಕಿಗೂ ನಿಗದಿತ ಅರ್ಥ ಕೊಡುವ ಪದ್ಧತಿ, ಅನುಸರಿಸುವ ಯೋಜನೆಯಲ್ಲಿ 1.4.0, 1.4.1, 1.4.2 ಇವುಗಳ ನಡುವೆ ದೋಷಗಳ ತಿದ್ದುಪಡಿಯನ್ನು ಬಿಟ್ಟು ಬೇರೆ ವ್ಯತ್ಯಾಸ ಇರಬಾರದು, ಆದ್ದರಿಂದ 1.4 ಎಂಬ ಒಂದೇ ಕೈಪಿಡಿ ಮೂರಕ್ಕೂ ಸಲ್ಲುತ್ತದೆ. ಮೂರನೆಯ ಅಂಕಿಯನ್ನೂ ವಿಳಾಸದಲ್ಲಿ ಸೇರಿಸಿದರೆ ಆಯ್ಕೆಯ ಪಟ್ಟಿ ಉದ್ದವಾಗಿ, ತನಗೆ ಬೇಕಾದದ್ದು ಯಾವುದೆಂದು ಓದುಗರೇ ಹುಡುಕಬೇಕಾಗುತ್ತದೆ. ಪೋಸ್ಟ್‌ಗ್ರೆಸ್‌ಕ್ಯುಎಲ್ ಎಂಬ ಡೇಟಾಬೇಸ್ ತಂತ್ರಾಂಶ ಈ ವಿಷಯದಲ್ಲಿ ಒಳ್ಳೆಯ ಮಾದರಿ. ಅಲ್ಲಿ ವರ್ಷಕ್ಕೊಂದು ಪ್ರಮುಖ ಆವೃತ್ತಿ ಬರುತ್ತದೆ, ಪ್ರತಿಯೊಂದಕ್ಕೂ 5 ವರ್ಷಗಳ ಬೆಂಬಲವಿರುತ್ತದೆ, ಕೈಪಿಡಿಯ ವಿಳಾಸದಲ್ಲಿ ಪ್ರಮುಖ ಸಂಖ್ಯೆ ಮಾತ್ರ ಇರುತ್ತದೆ. ಬೆಂಬಲ ಮುಗಿದ ಆವೃತ್ತಿಗಳ ಕೈಪಿಡಿಗಳೂ ತಾಣದಲ್ಲಿ ಉಳಿದಿವೆ, ಆದರೆ ಪುಟದ ತಲೆಯಲ್ಲಿ ಅವು ಬೇರೆ ಸಾಲಿನಲ್ಲಿ ನಿಲ್ಲುತ್ತವೆ.

ಹೆಜ್ಜೆ 2: ವಿಳಾಸದ ರೂಪವನ್ನು ಗೊತ್ತುಮಾಡಿ

ಇಡೀ ಕೆಲಸದಲ್ಲಿ ಮುಂದೆ ಬದಲಾಯಿಸಲು ಅತ್ಯಂತ ಕಷ್ಟವಾದ ತೀರ್ಮಾನ ಇದು. ಸಂಖ್ಯೆಯಿರುವ ವಿಳಾಸಗಳ ಜೊತೆಗೆ, ಸಂಖ್ಯೆ ಬದಲಾದರೂ ತಾನು ಬದಲಾಗದ ಒಂದೆರಡು ಹೆಸರುಗಳು ಬೇಕಾಗುತ್ತವೆ. ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಆದ ಜ್ಯಾಂಗೋ ಯೋಜನೆಯ ತಾಣದಲ್ಲಿ ಅವು ಸ್ಟೇಬಲ್ ಮತ್ತು ಡೆವ್. ಪೋಸ್ಟ್‌ಗ್ರೆಸ್‌ಕ್ಯುಎಲ್‌ನಲ್ಲಿ ಕರೆಂಟ್ ಮತ್ತು ಡೆವೆಲ್. ಲೇಟೆಸ್ಟ್ ಎಂಬ ಹೆಸರನ್ನು ಬಳಸದಿರುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ, ಏಕೆಂದರೆ ಕೈಪಿಡಿಗಳನ್ನು ಕಟ್ಟಿ ಪ್ರಕಟಿಸಿಕೊಡುವ ರೀಡ್ ದ ಡಾಕ್ಸ್ ಸೇವೆಯಲ್ಲಿ ಅದು ಅಭಿವೃದ್ಧಿಯ ಬ್ರಾಂಚಿನ ಕೈಪಿಡಿಯನ್ನು ಸೂಚಿಸುತ್ತದೆ, ಮೈಕ್ ಬಳಸುವ ಬಹಳಷ್ಟು ತಾಣಗಳಲ್ಲಿ ತೀರ ಈಚಿನ ಬಿಡುಗಡೆಯನ್ನು ಸೂಚಿಸುತ್ತದೆ. ಎರಡೂ ಬಗೆಯ ತಾಣಗಳನ್ನು ನೋಡಿರುವ ಓದುಗರಿಗೆ ನಿಮ್ಮ ತಾಣದಲ್ಲಿ ಅದರ ಅರ್ಥವೇನೆಂದು ತಿಳಿಯುವುದಿಲ್ಲ. ಬಿಡುಗಡೆಯಾದದ್ದಕ್ಕೆ ಸ್ಟೇಬಲ್, ಬಿಡುಗಡೆಯಾಗಬೇಕಾದದ್ದಕ್ಕೆ ಡೆವ್ ಎಂದಿಟ್ಟರೆ ಗೊಂದಲಕ್ಕೆ ಎಡೆಯಿಲ್ಲ.

ಕೈಪಿಡಿಯನ್ನು ಕನ್ನಡಕ್ಕೋ ಮತ್ತೊಂದು ಭಾಷೆಗೋ ಅನುವಾದಿಸುವ ಆಲೋಚನೆ ದೂರದಲ್ಲಾದರೂ ಇದ್ದರೆ, ಭಾಷೆಯ ಸಂಕೇತಕ್ಕೆ ಈಗಲೇ ವಿಳಾಸದಲ್ಲಿ ಜಾಗ ಕೊಡಿ. ಜ್ಯಾಂಗೋ ಮತ್ತು ರೀಡ್ ದ ಡಾಕ್ಸ್ ಎರಡೂ ಭಾಷೆಯನ್ನು ಮೊದಲಿಟ್ಟು ಆವೃತ್ತಿಯನ್ನು ನಂತರ ಇಡುತ್ತವೆ. ಕನ್ನಡದ ಅಂತರರಾಷ್ಟ್ರೀಯ ಸಂಕೇತ ಕೆಎನ್. ಮೆಟೀರಿಯಲ್ ಥೀಮಿನ ಹುಡುಕಾಟದ ಭಾಷಾಪಟ್ಟಿಯಲ್ಲಿ ಕನ್ನಡವೂ ಇರುವುದರಿಂದ, ಕನ್ನಡ ಕೈಪಿಡಿಗೆ ಹುಡುಕಾಟದ ಸೌಲಭ್ಯವನ್ನು ಬೇರೆಯಾಗಿ ಕಟ್ಟಬೇಕಾಗಿಲ್ಲ.

ಸಾಧ್ಯವಾದರೆ ಸ್ವಂತ ಡೊಮೇನ್ ಹೆಸರನ್ನು ಮೊದಲ ದಿನದಿಂದಲೇ ಬಳಸಿ. ಸಾಧನಗಳೂ ಸೇವೆಗಳೂ ಬದಲಾಗುತ್ತಿರುತ್ತವೆ. ಮೆಟೀರಿಯಲ್ ಥೀಮನ್ನು ಕಟ್ಟಿದ ತಂಡವೇ 2025ರ ನವೆಂಬರ್‌ನಲ್ಲಿ ಝೆನ್ಸಿಕಲ್ ಎಂಬ ಹೊಸ ಸಾಧನವನ್ನು ಪ್ರಕಟಿಸಿ, ತನ್ನ ಮುಂದಿನ ಕೆಲಸವನ್ನು ಅತ್ತ ತಿರುಗಿಸಿತು. ವಿಳಾಸ ನಿಮ್ಮದೇ ಆಗಿದ್ದು, ಅದರಲ್ಲಿ ಸಾಧನದ ಗುರುತೇನೂ ಇಲ್ಲದಿದ್ದರೆ, ಒಳಗಿನ ಯಂತ್ರವನ್ನು ಬದಲಾಯಿಸಿದರೂ ಓದುಗರ ಬುಕ್‌ಮಾರ್ಕ್‌ಗಳು ಕೆಡುವುದಿಲ್ಲ.

ಹೆಜ್ಜೆ 3: ಸಾಧನಗಳು ಮತ್ತು ಸಂರಚನೆ

ಎಂಕೆಡಾಕ್ಸ್ ಮೆಟೀರಿಯಲ್ ಮತ್ತು ಮೈಕ್ ಎರಡನ್ನೂ ಪೈಥಾನ್‌ನ ಪ್ಯಾಕೇಜ್ ಸಾಧನವಾದ ಪಿಪ್ ಮೂಲಕ ಇನ್‌ಸ್ಟಾಲ್ ಮಾಡಿ, ಅವುಗಳ ನಿಖರ ಆವೃತ್ತಿ ಸಂಖ್ಯೆಗಳನ್ನು ರಿಕ್ವೈರ್‌ಮೆಂಟ್ಸ್ ಕಡತದಲ್ಲಿ ಬರೆದು ರೆಪೊಸಿಟರಿಗೆ ಸೇರಿಸಿ. ಇಂದು ಯಾವ ಸಾಧನದಿಂದ ಕಟ್ಟಿದಿರೋ ಎರಡು ವರ್ಷಗಳ ನಂತರವೂ ಅದೇ ಸಾಧನದಿಂದ ಹಳೆಯ ಬ್ರಾಂಚನ್ನು ಕಟ್ಟಲು ಇದು ಬೇಕೇ ಬೇಕು.

ಎಂಕೆಡಾಕ್ಸ್ ಡಾಟ್ ವೈಎಂಎಲ್ ಕಡತದಲ್ಲಿ ಗಮನಿಸಬೇಕಾದ ಅಂಶಗಳು ಮೂರು. ಸೈಟ್ ಯುಆರ್‌ಎಲ್ ಎಂಬಲ್ಲಿ ತಾಣದ ಮೂಲ ವಿಳಾಸವನ್ನು, ಆವೃತ್ತಿ ಸಂಖ್ಯೆಯಿಲ್ಲದೆ, ಬರೆಯಬೇಕು. ಎಕ್ಸ್‌ಟ್ರಾ ಎಂಬ ವಿಭಾಗದ ವರ್ಷನ್ ಅಡಿಯಲ್ಲಿ ಪ್ರೊವೈಡರ್ ಮೈಕ್ ಎಂದೂ, ಡಿಫಾಲ್ಟ್ ಸ್ಟೇಬಲ್ ಎಂದೂ ಸೂಚಿಸಬೇಕು. ಆವೃತ್ತಿ ಆರಿಸುವ ಪಟ್ಟಿ ಪುಟದ ಮೇಲ್ಭಾಗದಲ್ಲಿ ಮೂಡುವುದು ಇದರಿಂದಲೇ. ಪ್ಲಗಿನ್‌ಗಳ ಸಾಲಿಗೆ ಮೈಕ್ ಸೇರಿಸಿ, ಅದರ ಕೆನಾನಿಕಲ್ ವರ್ಷನ್ ಎಂಬ ಆಯ್ಕೆಗೆ ಸ್ಟೇಬಲ್ ಎಂಬ ಮೌಲ್ಯ ಕೊಡಬೇಕು. ಇದರ ಪ್ರಯೋಜನ ಏಳನೆಯ ಹೆಜ್ಜೆಯಲ್ಲಿ ತಿಳಿಯುತ್ತದೆ.

ಕೈಪಿಡಿಯೊಳಗಿನ ಕೊಂಡಿಗಳೆಲ್ಲ ಸಾಪೇಕ್ಷವಾಗಿರಲಿ, ಅಂದರೆ ಒಂದು ಕಡತದಿಂದ ಇನ್ನೊಂದು ಕಡತಕ್ಕೆ ನೇರವಾಗಿ ಹೋಗುವಂತಿರಲಿ. ತಾಣದ ಪೂರ್ಣ ವಿಳಾಸವನ್ನು ಬರೆದ ಕೊಂಡಿಯೊಂದು 1.3ರ ಓದುಗರನ್ನು ಅವರಿಗೆ ತಿಳಿಯದಂತೆಯೇ 2.0ರ ಪುಟಕ್ಕೆ ಒಯ್ದುಬಿಡುತ್ತದೆ. ಬಿಲ್ಡ್ ಆದೇಶಕ್ಕೆ ಸ್ಟ್ರಿಕ್ಟ್ ಆಯ್ಕೆ ಜೋಡಿಸಿದರೆ ಮುರಿದ ಆಂತರಿಕ ಕೊಂಡಿ ಇದ್ದಾಗ ಬಿಲ್ಡ್ ನಿಂತುಹೋಗುತ್ತದೆ. ಇದನ್ನು ಪ್ರತಿ ಪುಲ್ ರಿಕ್ವೆಸ್ಟ್‌ಗೂ ಕಡ್ಡಾಯ ಮಾಡಿ.

ಹಳೆಯ ಆವೃತ್ತಿ ಎಂಬ ಎಚ್ಚರಿಕೆಪಟ್ಟಿಯನ್ನು ಇದೇ ಹಂತದಲ್ಲಿ ಸಿದ್ಧಮಾಡಬೇಕು, ಮತ್ತು ಹಾಗೇಕೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಮೈಕ್ ಕೆಲಸ ಮಾಡುವ ಕ್ರಮವೆಂದರೆ, ಒಂದು ಆವೃತ್ತಿಯ ಪುಟಗಳನ್ನು ಒಮ್ಮೆ ಎಚ್‌ಟಿಎಂಎಲ್ ಆಗಿ ಕಟ್ಟಿ, ಪ್ರಕಟಿತ ತಾಣವನ್ನು ಹಿಡಿದಿಡುವ ಜಿಎಚ್-ಪೇಜಸ್ ಎಂಬ ಬ್ರಾಂಚಿನ ಒಂದು ಫೋಲ್ಡರಿನಲ್ಲಿ ಇಟ್ಟ ಮೇಲೆ ಮತ್ತೆ ಅವನ್ನು ಮುಟ್ಟುವುದಿಲ್ಲ. ಇದು ಅದರ ದೊಡ್ಡ ಬಲ, ಏಕೆಂದರೆ ಸಾಧನಗಳು ಎಷ್ಟೇ ಬದಲಾದರೂ ಹಳೆಯ ಪುಟಗಳು ಇದ್ದಂತೆಯೇ ಇರುತ್ತವೆ. ಆದರೆ ಇದೇ ಕಾರಣದಿಂದ 1.3ನ್ನು ಪ್ರಕಟಿಸುವಾಗ ಇಲ್ಲದ ಎಚ್ಚರಿಕೆಪಟ್ಟಿ, 2.0 ಬಂದ ಮೇಲೆ 1.3ರ ಪುಟಗಳಲ್ಲಿ ತಾನಾಗಿ ಮೂಡುವುದಿಲ್ಲ. 1.3 ಹಳತಾಗುವ ಬಹಳ ಮೊದಲೇ, ಅದು ತೀರ ಹೊಸತಾಗಿದ್ದಾಗಲೇ, ಪಟ್ಟಿ ಅದರೊಳಗೆ ಇರಬೇಕು. ಮೆಟೀರಿಯಲ್ ಇದನ್ನು ಚೆನ್ನಾಗಿ ನಿಭಾಯಿಸುತ್ತದೆ. ಪುಟ ತೆರೆದಾಗ ಬ್ರೌಸರ್ ತಾಣದ ಮೂಲದಲ್ಲಿರುವ ವರ್ಷನ್ಸ್ ಡಾಟ್ ಜೇಸನ್ ಕಡತವನ್ನು ಓದಿ, ಈ ಆವೃತ್ತಿಗೆ ಸ್ಟೇಬಲ್ ಎಂಬ ಹೆಸರು ಇನ್ನೂ ಇದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಮಾತ್ರ ಎಚ್ಚರಿಕೆಪಟ್ಟಿಯನ್ನು ತೋರಿಸುತ್ತದೆ. ಪುಟ ಹಳೆಯದಾದರೂ ಅದು ಓದುವ ಕಡತ ಹೊಸದಾಗಿರುವುದರಿಂದ ಎಚ್ಚರಿಕೆ ಸಕಾಲಕ್ಕೆ ಕಾಣಿಸಿಕೊಳ್ಳುತ್ತದೆ.

ಮಾಡುವ ವಿಧಾನ ಹೀಗಿದೆ: ಓವರ್‌ರೈಡ್ಸ್ ಎಂಬ ಫೋಲ್ಡರನ್ನು ಥೀಮಿನ ಕಸ್ಟಮ್ ಡೈರೆಕ್ಟರಿಯಾಗಿ ಸೂಚಿಸಿ, ಅದರಲ್ಲಿ ಮೇನ್ ಡಾಟ್ ಎಚ್‌ಟಿಎಂಎಲ್ ಕಡತವನ್ನಿಟ್ಟು, ಬೇಸ್ ಟೆಂಪ್ಲೇಟನ್ನು ವಿಸ್ತರಿಸಿ, ಔಟ್‌ಡೇಟೆಡ್ ಎಂಬ ಬ್ಲಾಕಿನೊಳಗೆ ನಿಮ್ಮ ವಾಕ್ಯವನ್ನೂ ಸ್ಥಿರ ಆವೃತ್ತಿಗೆ ಹೋಗುವ ಕೊಂಡಿಯನ್ನೂ ಬರೆಯಿರಿ. ಡೆವ್ ಆವೃತ್ತಿಗೂ ಸ್ಟೇಬಲ್ ಎಂಬ ಹೆಸರಿಲ್ಲದ ಕಾರಣ ಅಲ್ಲಿಯೂ ಇದೇ ಪಟ್ಟಿ ಕಾಣುತ್ತದೆ. ಆದ್ದರಿಂದ ಇದು ಹಳೆಯ ಆವೃತ್ತಿ ಎಂದು ಬರೆಯದೆ, ನೀವು ಓದುತ್ತಿರುವುದು ಸ್ಥಿರ ಆವೃತ್ತಿಯ ಕೈಪಿಡಿಯಲ್ಲ ಎಂದು ಬರೆದರೆ ಎರಡು ಕಡೆಗೂ ನಿಜವಾಗುತ್ತದೆ.

ಹೆಜ್ಜೆ 4: ಮೊದಲ ಪ್ರಕಟಣೆಯನ್ನು ಕೈಯಿಂದಲೇ ಮಾಡಿ

ಸ್ವಯಂಚಾಲನೆಗೆ ಹೋಗುವ ಮೊದಲು ಒಂದು ಸಲವಾದರೂ ಕೈಯಿಂದ ಮಾಡಿದರೆ ಒಳಗೆ ನಡೆಯುವುದೇನೆಂದು ಸ್ಪಷ್ಟವಾಗುತ್ತದೆ. 1.4ರ ಟ್ಯಾಗನ್ನು, ಅಂದರೆ ಆ ಬಿಡುಗಡೆಯ ಕೋಡಿಗೆ ಗಿಟ್‌ನಲ್ಲಿ ಹಾಕಿದ ಗುರುತನ್ನು, ಚೆಕ್‌ಔಟ್ ಮಾಡಿ, ಮೈಕ್ ಡಿಪ್ಲಾಯ್ ಆದೇಶಕ್ಕೆ 1.4 ಎಂಬ ಸಂಖ್ಯೆಯನ್ನೂ ಸ್ಟೇಬಲ್ ಎಂಬ ಉಪನಾಮವನ್ನೂ ಕೊಡಿ, ಪುಶ್ ಮತ್ತು ಅಪ್‌ಡೇಟ್ ಅಲಿಯಾಸಸ್ ಆಯ್ಕೆಗಳನ್ನು ಸೇರಿಸಿ. ಎರಡನೆಯ ಆಯ್ಕೆ ಇಲ್ಲದಿದ್ದರೆ, ಸ್ಟೇಬಲ್ ಹೆಸರು ಈಗಾಗಲೇ ಮತ್ತೊಂದು ಆವೃತ್ತಿಯ ಬಳಿ ಇದ್ದಾಗ ಮೈಕ್ ಅದನ್ನು ಕಿತ್ತುಕೊಳ್ಳದೆ ದೋಷಸಂದೇಶ ಕೊಟ್ಟು ನಿಲ್ಲುತ್ತದೆ. ನಂತರ ಮೈಕ್ ಸೆಟ್-ಡಿಫಾಲ್ಟ್ ಆದೇಶದಿಂದ ತಾಣದ ಮೂಲ ವಿಳಾಸಕ್ಕೆ ಬಂದವರು ಸ್ಟೇಬಲ್‌ಗೆ ಹೋಗುವಂತೆ ಮಾಡಿ. ಕೊನೆಗೆ ಗಿಟ್‌ಹಬ್‌ನ ಪೇಜಸ್ ಸೆಟ್ಟಿಂಗ್ಸ್‌ನಲ್ಲಿ ಜಿಎಚ್-ಪೇಜಸ್ ಬ್ರಾಂಚಿನ ಮೂಲ ಫೋಲ್ಡರನ್ನು ಆರಿಸಿ.

ಈಗ ಆ ಬ್ರಾಂಚನ್ನು ತೆರೆದು ನೋಡಿ. 1.4 ಎಂಬ ಫೋಲ್ಡರ್, ಸ್ಟೇಬಲ್ ಎಂಬ ಉಪನಾಮ, ವರ್ಷನ್ಸ್ ಡಾಟ್ ಜೇಸನ್, ಮೂಲದಲ್ಲೊಂದು ಇಂಡೆಕ್ಸ್ ಪುಟ ಇಷ್ಟೂ ಇರಬೇಕು. ಉಪನಾಮವನ್ನು ಮೈಕ್ ಮೂರು ವಿಧಗಳಲ್ಲಿ ರಚಿಸಬಲ್ಲದು: ಸಿಮ್‌ಲಿಂಕ್ (ಇನ್ನೊಂದು ಫೋಲ್ಡರಿನತ್ತ ಬೆರಳು ತೋರುವ ಕಡತ), ಮರುನಿರ್ದೇಶನ, ಪ್ರತಿ. 2.0ರಿಂದ ಈಚೆಗೆ ಸಿಮ್‌ಲಿಂಕ್ ಮೂಲ ಆಯ್ಕೆಯಾಗಿದೆ. ಸಿಮ್‌ಲಿಂಕ್ ಅಥವಾ ಪ್ರತಿ ಇದ್ದಾಗ ಓದುಗರ ಬ್ರೌಸರಿನಲ್ಲಿ ಸ್ಟೇಬಲ್ ಎಂಬ ವಿಳಾಸವೇ ಉಳಿಯುತ್ತದೆ. ಮರುನಿರ್ದೇಶನ ಇದ್ದಾಗ ಅದು 1.4 ಎಂದು ಬದಲಾಗುತ್ತದೆ. ಓದುಗರು ವಿಳಾಸವನ್ನು ನಕಲಿಸಿ ಬೇರೆಡೆ ಹಂಚುವಾಗ ಇದರ ಪರಿಣಾಮ ಕಾಣುತ್ತದೆ. ಸ್ಟೇಬಲ್ ಎಂದು ಹಂಚಿದ ಕೊಂಡಿ ಸದಾ ಹೊಸ ಪುಟವನ್ನು ತೋರಿಸುತ್ತದೆ, ಆದರೆ ಅಂದು ಓದಿದ ವಿಷಯ ಮುಂದೆ ಅಲ್ಲಿ ಇಲ್ಲದೆಯೂ ಹೋಗಬಹುದು, 1.4 ಎಂದು ಹಂಚಿದ ಕೊಂಡಿ ಹಳತಾಗುತ್ತದೆ, ಆದರೆ ವಿಷಯ ಅಲ್ಲೇ ಇರುತ್ತದೆ. ನಿಧಾನವಾಗಿ ಬದಲಾಗುವ ಯೋಜನೆಗೆ ಮೊದಲನೆಯದು, ಆವೃತ್ತಿಯಿಂದ ಆವೃತ್ತಿಗೆ ಬಹಳ ಬದಲಾಗುವ ಯೋಜನೆಗೆ ಎರಡನೆಯದು ಹೊಂದುತ್ತದೆ. ಸಿಮ್‌ಲಿಂಕನ್ನು ಒಪ್ಪದ ಹೋಸ್ಟಿಂಗ್ ಇದ್ದರೆ ಪ್ರತಿಯನ್ನೇ ಆರಿಸಿಕೊಳ್ಳಿ.

ಇನ್ನು ಮುಂದೆ ಎಂಕೆಡಾಕ್ಸ್‌ನ ಜಿಎಚ್-ಡಿಪ್ಲಾಯ್ ಆದೇಶವನ್ನು ಈ ರೆಪೊಸಿಟರಿಯಲ್ಲಿ ಯಾರೂ ಬಳಸಕೂಡದು. ಅದು ಬ್ರಾಂಚಿನಲ್ಲಿರುವುದನ್ನೆಲ್ಲ ತೆಗೆದು ಹೊಸದಾಗಿ ಕಟ್ಟಿದ ಒಂದೇ ತಾಣವನ್ನು ಇಡುತ್ತದೆ, ಆವೃತ್ತಿಗಳೆಲ್ಲ ಒಂದೇ ಏಟಿಗೆ ಹೋಗುತ್ತವೆ. ಗಿಟ್ ಇತಿಹಾಸದಿಂದ ಅವನ್ನು ಮರಳಿ ತರಬಹುದಾದರೂ ಅಲ್ಲಿಯವರೆಗೆ ಓದುಗರಿಗೆ ಸಿಗುವುದು ಮುರಿದ ಕೊಂಡಿಗಳೇ. ಕೊಡುಗೆದಾರರ ಮಾರ್ಗಸೂಚಿಯಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿಡಿ.

ಸ್ವಂತ ಡೊಮೇನ್ ಬಳಸುವವರು, ಅದರ ಹೆಸರನ್ನು ಗಿಟ್‌ಹಬ್‌ಗೆ ತಿಳಿಸುವ ಸಿನೇಮ್ ಕಡತವನ್ನು ಡಾಕ್ಸ್ ಫೋಲ್ಡರಿನಲ್ಲಿಟ್ಟರೆ ಅದು 1.4ರ ಒಳಗೆ ಹೋಗಿ ಕುಳಿತುಕೊಳ್ಳುತ್ತದೆ. ಅದನ್ನು ನೇರವಾಗಿ ಜಿಎಚ್-ಪೇಜಸ್ ಬ್ರಾಂಚಿನ ಮೂಲದಲ್ಲೇ ಇಡಬೇಕು. ಕೇಳಿದ ಪುಟ ಸಿಗದಾಗ ತೋರಿಸುವ 404 ಪುಟದ ವಿಷಯವೂ ಹೀಗೆಯೇ. ಪ್ರತಿ ಆವೃತ್ತಿಯ ಫೋಲ್ಡರಿನಲ್ಲೂ ಒಂದು 404 ಪುಟ ಇರುತ್ತದಾದರೂ ಗಿಟ್‌ಹಬ್ ಪೇಜಸ್ ನೋಡುವುದು ಮೂಲದಲ್ಲಿರುವುದನ್ನು ಮಾತ್ರ. ಆವೃತ್ತಿಗಳ ಪಟ್ಟಿಯನ್ನು ಒಳಗೊಂಡ ಒಂದು ಸರಳ 404 ಪುಟವನ್ನು ಬರೆದು ಅಲ್ಲಿಡಿ.

ಹೆಜ್ಜೆ 5: ಸ್ವಯಂಚಾಲನೆ

ಗಿಟ್‌ಹಬ್‌ನ ಸ್ವಯಂಚಾಲನಾ ಸೇವೆಯಾದ ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಎರಡು ಸಂದರ್ಭಗಳಿಗೆ ಕೆಲಸ ಹಚ್ಚಬೇಕು: ಮೇನ್ ಬ್ರಾಂಚಿಗೆ ಪುಶ್ ಆದಾಗ ಡೆವ್ ಕೈಪಿಡಿ, ಬಿಡುಗಡೆಯ ಟ್ಯಾಗ್ ಬಂದಾಗ ಆಯಾ ಸಂಖ್ಯೆಯ ಕೈಪಿಡಿ. ಚೆಕ್‌ಔಟ್ ಹಂತ ಸಾಮಾನ್ಯವಾಗಿ ಒಂದೇ ಕಮಿಟ್ ಅನ್ನು ತರುತ್ತದೆ. ಮೈಕ್‌ಗೆ ಜಿಎಚ್-ಪೇಜಸ್ ಬ್ರಾಂಚ್ ಕಾಣಬೇಕಾದ್ದರಿಂದ ಫೆಚ್ ಡೆಪ್ತ್ ಅನ್ನು 0 ಎಂದು ಕೊಟ್ಟು ಪೂರ್ಣ ಇತಿಹಾಸ ತರಿಸಿ. ಕೆಲಸಕ್ಕೆ ರೆಪೊಸಿಟರಿಯ ವಿಷಯವನ್ನು ಬರೆಯುವ ಅನುಮತಿ ಬೇಕು, ಗಿಟ್‌ಗೆ ಕಮಿಟ್ ಮಾಡುವವರ ಹೆಸರು ಮತ್ತು ಇಮೇಲ್ ಹೊಂದಿಸಿರಬೇಕು. ಎರಡು ಕೆಲಸಗಳು ಒಂದೇ ಹೊತ್ತಿಗೆ ಬ್ರಾಂಚಿಗೆ ಪುಶ್ ಮಾಡಲು ಹೋದರೆ ಒಂದು ಸೋಲುತ್ತದೆ. ಕನ್‌ಕರೆನ್ಸಿ ಗುಂಪೊಂದನ್ನು ಹೆಸರಿಸಿ, ಒಂದರ ನಂತರ ಒಂದು ನಡೆಯುವಂತೆ ಮಾಡಿ.

ವೈಎಂಎಲ್ ಕಡತಗಳಲ್ಲಿ ಆವೃತ್ತಿ ಸಂಖ್ಯೆಯನ್ನು ಯಾವಾಗಲೂ ಉದ್ಧರಣ ಚಿಹ್ನೆಯೊಳಗೆ ಬರೆಯಿರಿ. ಹಾಗೆ ಬರೆಯದ 1.10 ಅನ್ನು ವೈಎಂಎಲ್ ದಶಮಾಂಶ ಸಂಖ್ಯೆಯೆಂದು ಓದಿ 1.1 ಮಾಡುತ್ತದೆ, ಹತ್ತನೆಯ ಬಿಡುಗಡೆಯ ಕೈಪಿಡಿ ಮೊದಲನೆಯದರ ಮೇಲೆ ಹೋಗಿ ಕೂರುತ್ತದೆ. 1.9ರವರೆಗೆ ಎಲ್ಲವೂ ಸರಿಯಾಗಿ ನಡೆದಿರುವುದರಿಂದ ಇದನ್ನು ಯಾರೂ ನಿರೀಕ್ಷಿಸಿರುವುದಿಲ್ಲ.

ಸ್ವಯಂಚಾಲನೆಯಲ್ಲಿ ನಿಜವಾಗಿ ಯೋಚಿಸಬೇಕಾದದ್ದು ಸ್ಟೇಬಲ್ ಹೆಸರನ್ನು ಯಾವಾಗ ಮುಂದಕ್ಕೆ ಸರಿಸಬೇಕೆಂಬುದನ್ನು. ಟ್ಯಾಗ್ ಬಂದಾಗಲೆಲ್ಲ ಸರಿಸು ಎಂದು ಬರೆದರೆ ಎರಡು ಕಡೆ ಎಡವುತ್ತೇವೆ. 2.0ರ ರಿಲೀಸ್ ಕ್ಯಾಂಡಿಡೇಟ್‌ಗೆ ಟ್ಯಾಗ್ ಹಾಕಿದ ಕೂಡಲೇ, ಇನ್ನೂ ಬಿಡುಗಡೆಯಾಗದ ಆವೃತ್ತಿಯ ಕೈಪಿಡಿ ಎಲ್ಲರ ಮುಂದೆ ಬರುತ್ತದೆ. 2.0 ಬಂದ ಮೇಲೆ 1.4ರಲ್ಲಿ ಭದ್ರತಾ ದೋಷವೊಂದು ಕಂಡು 1.4.3 ಬಿಡುಗಡೆ ಮಾಡಿದರೆ, ಸ್ಟೇಬಲ್ ಹೆಸರು ಹಿಂದಕ್ಕೆ 1.4ಕ್ಕೆ ಹೋಗುತ್ತದೆ, ಹೊಸ ಆವೃತ್ತಿ ಬಳಸುವವರಿಗೆ ಹಳೆಯ ಕೈಪಿಡಿ ಕಾಣುತ್ತದೆ, ಅದೂ ಎಚ್ಚರಿಕೆಪಟ್ಟಿಯಿಲ್ಲದೆ. ಆದ್ದರಿಂದ ಕೆಲಸದ ಕಡತದಲ್ಲಿ, ಮೊದಲು ಪೂರ್ವ ಬಿಡುಗಡೆಯ ಟ್ಯಾಗ್‌ಗಳನ್ನು ಹೊರಗಿಟ್ಟು, ಉಳಿದವುಗಳಲ್ಲಿ ಅತಿ ದೊಡ್ಡದು ಯಾವುದೆಂದು ಕಂಡುಕೊಂಡು, ಈಗ ಬಂದಿರುವ ಟ್ಯಾಗ್ ಅದೇ ಆಗಿದ್ದರೆ ಮಾತ್ರ ಸ್ಟೇಬಲ್ ಅನ್ನು ಸರಿಸಬೇಕು. ಹೋಲಿಸುವಾಗ ಸಾರ್ಟ್ ಆದೇಶದ ಆವೃತ್ತಿ ಕ್ರಮದ ಆಯ್ಕೆಯನ್ನು ಬಳಸಿ, ಏಕೆಂದರೆ ಅಕ್ಷರ ಕ್ರಮದಲ್ಲಿ 1.10 ಬರುವುದು 1.9ಕ್ಕಿಂತ ಮೊದಲು. ಪೂರ್ವ ಬಿಡುಗಡೆಗಳನ್ನು ಮೊದಲೇ ಹೊರಗಿಡಲು ಹೇಳಿದ್ದಕ್ಕೂ ಕಾರಣವಿದೆ: ಗ್ನೂ ಸಾರ್ಟ್ 2.0.0-ಆರ್‌ಸಿ1 ಅನ್ನು 2.0.0ದ ನಂತರ ಇಡುತ್ತದೆ. ಇಷ್ಟೆಲ್ಲ ಬರೆಯುವುದು ಬೇಡವೆನಿಸಿದರೆ ಸ್ಟೇಬಲ್ ಸರಿಸುವುದನ್ನು ಬಿಡುಗಡೆ ಮಾಡುವವರು ಗುಂಡಿ ಒತ್ತಿ ನಡೆಸುವ ಪ್ರತ್ಯೇಕ ಕೆಲಸವಾಗಿ ಇಟ್ಟುಕೊಳ್ಳಬಹುದು. ವರ್ಷಕ್ಕೆ ಮೂರು ನಾಲ್ಕು ಬಿಡುಗಡೆಗಳ ಯೋಜನೆಗೆ ಇದೇ ಹೆಚ್ಚು ನೆಮ್ಮದಿಯ ದಾರಿ.

ಈ ಹೊಣೆಯನ್ನು ಪೂರ್ತಿಯಾಗಿ ಬೇರೆಯವರಿಗೆ ಒಪ್ಪಿಸಲು ಬಯಸುವವರಿಗೆ ರೀಡ್ ದ ಡಾಕ್ಸ್ ಇದೆ. 2010ರಿಂದ ನಡೆಯುತ್ತಿರುವ ಈ ಸೇವೆ ಮುಕ್ತ ತಂತ್ರಾಂಶ ಯೋಜನೆಗಳಿಗೆ ಜಾಹೀರಾತುಗಳ ನೆರವಿನಿಂದ ಉಚಿತವಾಗಿ ಸಿಗುತ್ತದೆ. ಪೂರ್ವ ಬಿಡುಗಡೆಗಳನ್ನು ಬಿಟ್ಟು ಅತಿ ದೊಡ್ಡ ಟ್ಯಾಗನ್ನು ತಾನೇ ಗುರುತಿಸಿ ಸ್ಟೇಬಲ್ ಎಂದು ಕರೆಯುತ್ತದೆ. ಅಲ್ಲಿ ಪ್ರತಿ ಆವೃತ್ತಿಯೂ ಅದರ ಮೂಲದಿಂದ ಕಟ್ಟಲ್ಪಡುವುದರಿಂದ, ಹಳೆಯ ಬ್ರಾಂಚುಗಳ ಅವಲಂಬನೆಗಳನ್ನು ನಿಖರ ಸಂಖ್ಯೆಯಲ್ಲಿ ಬರೆದಿಡುವುದು ಇನ್ನೂ ಮುಖ್ಯವಾಗುತ್ತದೆ. ಕೈಪಿಡಿ ಕಟ್ಟುವ ಇನ್ನೊಂದು ಸಾಧನವಾದ ಸ್ಫಿಂಕ್ಸ್ ಬಳಸುವವರಿಗಂತೂ ನಾನು ಅದನ್ನೇ ಸೂಚಿಸುತ್ತೇನೆ.

ಹೆಜ್ಜೆ 6: ಹಳೆಯ ಕೈಪಿಡಿಯನ್ನು ತಿದ್ದುವ ದಾರಿ

1.4ರ ಕೈಪಿಡಿಯಲ್ಲಿ ತಪ್ಪೊಂದು ಕಂಡಿತೆನ್ನಿ. ಟ್ಯಾಗನ್ನು ಅಲುಗಿಸಬಾರದು; ಜಿಎಚ್-ಪೇಜಸ್ ಬ್ರಾಂಚಿನ ಎಚ್‌ಟಿಎಂಎಲ್ ಅನ್ನು ನೇರವಾಗಿ ತಿದ್ದಲೂ ಬಾರದು, ಏಕೆಂದರೆ ಅದೇ ಆವೃತ್ತಿಯನ್ನು ಮತ್ತೆ ಪ್ರಕಟಿಸಿದಾಗ ಆ ತಿದ್ದುಪಡಿ ಅಳಿಸಿಹೋಗುತ್ತದೆ. ಪ್ರತಿ ಬೆಂಬಲಿತ ಆವೃತ್ತಿಗೂ ಒಂದು ನಿರ್ವಹಣಾ ಬ್ರಾಂಚ್ ಇಟ್ಟುಕೊಂಡು, ತಿದ್ದುಪಡಿಯನ್ನು ಮೊದಲು ಮೇನ್‌ಗೆ ಸೇರಿಸಿ, ಅಲ್ಲಿಂದ, ಬೇಕಾದ ಕಮಿಟ್ ಅನ್ನು ಮಾತ್ರ ಆರಿಸಿ ನಕಲಿಸುವ ಚೆರಿ-ಪಿಕ್ ಮೂಲಕ ಅನ್ವಯವಾಗುವ ಹಳೆಯ ಬ್ರಾಂಚುಗಳಿಗೆ ಒಯ್ಯುವುದು ಸರಿಯಾದ ಕ್ರಮ. ಚೆರಿ-ಪಿಕ್‌ನ ಎಕ್ಸ್ ಆಯ್ಕೆ ಮೂಲ ಕಮಿಟ್‌ನ ಗುರುತನ್ನು ಸಂದೇಶದಲ್ಲಿ ಸೇರಿಸುತ್ತದೆ. ಯಾವ ತಿದ್ದುಪಡಿ ಎಲ್ಲೆಲ್ಲಿ ತಲುಪಿದೆಯೆಂದು ಮುಂದೆ ಪತ್ತೆಹಚ್ಚಲು ಅದೊಂದೇ ಸಾಲು ಸಾಕು. ನಿರ್ವಹಣಾ ಬ್ರಾಂಚಿಗೆ ಪುಶ್ ಆದಾಗ ಅದೇ ಸಂಖ್ಯೆಯ ಫೋಲ್ಡರ್ ಮತ್ತೆ ಪ್ರಕಟವಾಗುವಂತೆ ಐದನೆಯ ಹೆಜ್ಜೆಯ ಕೆಲಸಕ್ಕೆ ಇನ್ನೊಂದು ಸಂದರ್ಭ ಸೇರಿಸಿ, ಇಲ್ಲಿ ಉಪನಾಮವನ್ನು ಮಾತ್ರ ಮುಟ್ಟದಂತೆ ನೋಡಿಕೊಳ್ಳಿ.

ಎಲ್ಲ ತಿದ್ದುಪಡಿಗಳನ್ನೂ ಹಿಂದಕ್ಕೆ ಒಯ್ಯಬೇಕಿಲ್ಲ. ವಾಕ್ಯದ ಓರೆಕೋರೆಗಳನ್ನು ಬಿಟ್ಟುಬಿಡಬಹುದು. ಓದುಗರ ದತ್ತಾಂಶ ನಷ್ಟವಾಗುವಂಥ, ಭದ್ರತೆ ಸಡಿಲವಾಗುವಂಥ ತಪ್ಪು ಸೂಚನೆಗಳನ್ನು ಬೆಂಬಲ ಮುಗಿದ ಆವೃತ್ತಿಗಳಲ್ಲೂ ತಿದ್ದಬೇಕು.

ಹೆಜ್ಜೆ 7: ಸರ್ಚ್ ಎಂಜಿನ್‌ಗಳಿಗೆ ದಾರಿ ತೋರಿಸಿ

ಬಹುಪಾಲು ಓದುಗರು ನಿಮ್ಮ ತಾಣಕ್ಕೆ ಮುಖಪುಟದಿಂದ ಬರುವುದಿಲ್ಲ, ಗೂಗಲ್‌ನಂಥ ಸರ್ಚ್ ಎಂಜಿನ್‌ನಿಂದ ನೇರವಾಗಿ ಒಳಪುಟಕ್ಕೆ ಬಂದಿಳಿಯುತ್ತಾರೆ. ಒಂದೇ ಪುಟದ ಐದು ಆವೃತ್ತಿಗಳಿದ್ದಾಗ, ಹೆಚ್ಚು ಕಾಲದಿಂದ ಇರುವ ಮತ್ತು ಹೆಚ್ಚು ಕೊಂಡಿಗಳನ್ನು ಗಳಿಸಿರುವ ಹಳೆಯ ಪುಟವೇ ಮೇಲೆ ಬರುವ ಸಂಭವವಿದೆ. ಒಂದೇ ವಿಷಯದ ಪುಟಗಳಲ್ಲಿ ಮುಖ್ಯವಾದದ್ದು ಯಾವುದೆಂದು ಸೂಚಿಸುವ ಕೆನಾನಿಕಲ್ ಕೊಂಡಿಯ ಕೆಲಸ ಇದನ್ನು ಸರಿಪಡಿಸುವುದು. ಮೂರನೆಯ ಹೆಜ್ಜೆಯಲ್ಲಿ ಕೊಟ್ಟ ಆಯ್ಕೆಯಿಂದಾಗಿ 1.3ರ ಪುಟವೂ ತನ್ನ ಮುಖ್ಯ ರೂಪ ಸ್ಟೇಬಲ್‌ನಲ್ಲಿದೆಯೆಂದು ಹೇಳುತ್ತದೆ. ಗೂಗಲ್ ಇದನ್ನು ಆಜ್ಞೆಯಾಗಿ ಪರಿಗಣಿಸದೆ ಸೂಚನೆಯಾಗಿ ಮಾತ್ರ ಪರಿಗಣಿಸುತ್ತದಾದರೂ, ಪುಟಗಳು ಪರಸ್ಪರ ಹೋಲುವಾಗ ಸಾಮಾನ್ಯವಾಗಿ ಅದನ್ನು ಪಾಲಿಸುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. 1.3ರಲ್ಲಿದ್ದ ಪುಟವೊಂದನ್ನು 2.0ರಲ್ಲಿ ಬೇರೆ ಹೆಸರಿಗೆ ಸರಿಸಿದ್ದರೆ, ಹಳೆಯ ಪುಟದ ಕೆನಾನಿಕಲ್ ಕೊಂಡಿ ಇಲ್ಲದ ವಿಳಾಸವನ್ನು ತೋರಿಸುತ್ತದೆ. ಆದ್ದರಿಂದ ಪುಟದ ಹೆಸರು ಬದಲಾಯಿಸಿದಾಗಲೆಲ್ಲ ಎಂಕೆಡಾಕ್ಸ್‌ನ ರಿಡೈರೆಕ್ಟ್ಸ್ ಪ್ಲಗಿನ್ ಮೂಲಕ ಹಳೆಯ ಹೆಸರಿನಿಂದ ಹೊಸದಕ್ಕೆ ಮರುನಿರ್ದೇಶನ ಇಡಿ. ಗಿಟ್‌ಹಬ್ ಪೇಜಸ್‌ನಲ್ಲಿ ಸರ್ವರ್ ಮಟ್ಟದ ಮರುನಿರ್ದೇಶನಕ್ಕೆ ಅವಕಾಶವಿಲ್ಲ. ಈ ಪ್ಲಗಿನ್ ಹಳೆಯ ವಿಳಾಸದಲ್ಲಿ ಓದುಗರನ್ನು ಮುಂದಕ್ಕೆ ಕಳಿಸುವ ಪುಟ್ಟ ಎಚ್‌ಟಿಎಂಎಲ್ ಕಡತವನ್ನಿಟ್ಟು ಆ ಕೊರತೆಯನ್ನು ತುಂಬುತ್ತದೆ.

ಹಳೆಯ ಆವೃತ್ತಿಗಳನ್ನು ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ ಕಡತದಿಂದ ತಡೆಯುವ ಅಭ್ಯಾಸ ಕೆಲವರಿಗಿದೆ. ಹಾಗೆ ತಡೆದರೆ ಸರ್ಚ್ ಎಂಜಿನ್ ಆ ಪುಟವನ್ನು ಓದುವುದೇ ಇಲ್ಲ, ಓದದಿದ್ದರೆ ಅದರೊಳಗಿನ ಕೆನಾನಿಕಲ್ ಕೊಂಡಿ ಅದಕ್ಕೆ ಕಾಣುವುದೂ ಇಲ್ಲ. ಎರಡನ್ನೂ ಒಟ್ಟಿಗೆ ಬಳಸಬೇಡಿ. ಆ ಕಡತಕ್ಕೆ ಬೆಲೆ ಇರುವುದು ಡೊಮೇನಿನ ಮೂಲದಲ್ಲಿದ್ದಾಗ ಮಾತ್ರ. ಸ್ವಂತ ಡೊಮೇನ್ ಇಲ್ಲದೆ ಗಿಟ್‌ಹಬ್ ವಿಳಾಸದ ಒಳ ಫೋಲ್ಡರಿನಲ್ಲಿರುವ ಯೋಜನೆಗೆ ಅದರಿಂದ ಉಪಯೋಗವೂ ಇಲ್ಲ.

ಹೆಜ್ಜೆ 8: ತಂತ್ರಾಂಶದೊಳಗಿನ ಕೊಂಡಿಗಳು

ತಾಣವನ್ನು ಇಷ್ಟು ಚೆನ್ನಾಗಿ ಕಟ್ಟಿದ ಮೇಲೂ ತಂತ್ರಾಂಶದ ದೋಷಸಂದೇಶಗಳಲ್ಲಿ ಸ್ಟೇಬಲ್ ಎಂಬ ವಿಳಾಸವೇ ಇದ್ದರೆ, 1.4 ಬಳಸುವವರು ತೊಂದರೆಯಲ್ಲಿರುವ ಹೊತ್ತಿನಲ್ಲೇ ತಮ್ಮದಲ್ಲದ ಕೈಪಿಡಿಗೆ ಹೋಗುತ್ತಾರೆ. ದೋಷಸಂದೇಶ, ಸಹಾಯದ ಪಠ್ಯ, ಮಾದರಿ ಸಂರಚನಾ ಕಡತದ ಟಿಪ್ಪಣಿ ಇವುಗಳಲ್ಲಿ ಬರುವ ವಿಳಾಸವನ್ನು ತಂತ್ರಾಂಶದ ಆವೃತ್ತಿ ಸಂಖ್ಯೆಯಿಂದಲೇ ರಚಿಸುವಂತೆ ಕೋಡ್ ಬರೆಯಿರಿ. ರೀಡ್‌ಮಿ ಕಡತ ಮತ್ತು ಪೈಥಾನ್ ಪ್ಯಾಕೇಜುಗಳ ಭಂಡಾರವಾದ ಪೈಪಿಐನ ಪುಟದಲ್ಲಿ ಸ್ಟೇಬಲ್ ಇರಲಿ.

ಇತರ ಯೋಜನೆಗಳು ನಿಮ್ಮ ಕೈಪಿಡಿಗೆ ಕೊಂಡಿ ಹಾಕುವುದು ಸ್ಫಿಂಕ್ಸ್‌ನ ಇಂಟರ್‌ಸ್ಫಿಂಕ್ಸ್ ಮೂಲಕವಾಗಿರಬಹುದು. ಆವೃತ್ತಿಯ ಫೋಲ್ಡರಿನಲ್ಲಿ ಆಬ್ಜೆಕ್ಟ್ಸ್ ಡಾಟ್ ಇನ್ವ್ ಎಂಬ ಕಡತವಿದ್ದರೆ ಅದು ಅದನ್ನು ಓದುತ್ತದೆ. ನೀವು ಫೋಲ್ಡರನ್ನು ಅಳಿಸಿದರೆ ಅವರ ಕೈಪಿಡಿಯ ಕೊಂಡಿಗಳು ಮುರಿಯುತ್ತವೆ, ಅಂಥ ಅವಲಂಬನೆ ಎಲ್ಲೆಲ್ಲಿದೆಯೆಂದು ನಿಮಗೆ ತಿಳಿಯುವುದೂ ಇಲ್ಲ.

ಹೆಜ್ಜೆ 9: ಗಾತ್ರ ಮತ್ತು ನಿವೃತ್ತಿ

ಗಿಟ್‌ಹಬ್ ಪೇಜಸ್ ತಾಣದ ಪ್ರಕಟಿತ ಗಾತ್ರ 1 ಗಿಗಾಬೈಟ್ ಮೀರಬಾರದು. ಪ್ರಕಟಣೆಗೆ 10 ನಿಮಿಷ ಮೀರಿದರೆ ಅದು ನಿಂತುಹೋಗುತ್ತದೆ. ಒಂದೇ ಚಿತ್ರ ಹತ್ತು ಆವೃತ್ತಿಗಳಲ್ಲಿದ್ದರೂ ಗಿಟ್ ತನ್ನೊಳಗೆ ಅದನ್ನು ಒಂದೇ ಸಲ ಇಟ್ಟುಕೊಳ್ಳುತ್ತದೆ, ಆದರೆ ಪ್ರಕಟಿತ ತಾಣದಲ್ಲಿ ಅದು ಹತ್ತು ಸಲವೂ ಲೆಕ್ಕಕ್ಕೆ ಬರುತ್ತದೆ. ಸ್ಕ್ರೀನ್‌ಶಾಟ್‌ಗಳನ್ನು ಕುಗ್ಗಿಸಿ, ವಿಡಿಯೊಗಳನ್ನು ಹೊರಗಿಡಿ. ಡೆವ್ ಕೈಪಿಡಿಯನ್ನು ಡಾಕ್ಸ್ ಫೋಲ್ಡರ್ ಅಥವಾ ಸಂರಚನಾ ಕಡತ ಬದಲಾದಾಗ ಮಾತ್ರ ಕಟ್ಟುವಂತೆ ಪಾತ್ ಫಿಲ್ಟರ್ ಹಾಕಿದರೆ ಬ್ರಾಂಚಿನ ಇತಿಹಾಸವೂ ಅನಗತ್ಯವಾಗಿ ಬೆಳೆಯುವುದಿಲ್ಲ.

ಬೆಂಬಲ ಮುಗಿದ ಆವೃತ್ತಿಯನ್ನು ಅಳಿಸಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಗಾತ್ರ ಅನುಮತಿಸುವವರೆಗೆ ಬೇಡ. ಮೈಕ್ ರೀಟೈಟಲ್ ಆದೇಶದಿಂದ ಪಟ್ಟಿಯಲ್ಲಿ ಕಾಣುವ ಹೆಸರಿಗೆ ಬೆಂಬಲವಿಲ್ಲ ಎಂದು ಸೇರಿಸಬಹುದು. ಫೋಲ್ಡರಿನ ಹೆಸರು ಬದಲಾಗದ್ದರಿಂದ ವಿಳಾಸಗಳು ಹಾಗೆಯೇ ಇರುತ್ತವೆ. ಅಳಿಸಲೇಬೇಕಾಗಿ ಬಂದರೆ, ಮೊದಲು ಆ ಫೋಲ್ಡರನ್ನು ಜಿಪ್ ಮಾಡಿ ಅದೇ ಆವೃತ್ತಿಯ ಗಿಟ್‌ಹಬ್ ಬಿಡುಗಡೆಗೆ ಲಗತ್ತಿಸಿ, ಮೈಕ್ ಡಿಲೀಟ್ ಆದೇಶದಿಂದ ತೆಗೆದ ಮೇಲೆ ಆ ಜಾಗದಲ್ಲಿ ಒಂದೇ ಒಂದು ಇಂಡೆಕ್ಸ್ ಪುಟವನ್ನಿಟ್ಟು, ಕೈಪಿಡಿ ಈಗ ಎಲ್ಲಿ ಸಿಗುತ್ತದೆಂದು ಅದರಲ್ಲಿ ಬರೆಯಿರಿ, ಮತ್ತು ಮೂಲದಲ್ಲಿರುವ 404 ಪುಟದ ಪಟ್ಟಿಗೂ ಆ ಜಿಪ್ ಕಡತದ ಕೊಂಡಿಯನ್ನು ಸೇರಿಸಿ.